ದೊಡ್ಡ ಸ್ವಾಮಿಯವರು: ಹಳ್ಳಿಯಲ್ಲಿ ನೆಲೆಸಿದ ಪರದೇಶದ ಗುರು

ಪರದೇಶದಿಂದ ಬಂದ ಗುರುವೊಬ್ಬನು ನಮ್ಮ ಹಳ್ಳಿಗರ ನಡುವೆ ನೆಲೆಗೊಳ್ಳುವುದೆಂದರೇನು? ಧರ್ಮಕೇಂದ್ರದ ಶತಮಾನೋತ್ಸವ ಬಂದಾಗ ದೇವಾಲಯದ ಇತಿಹಾಸವನ್ನು ನಾವು ಆಸ್ಥೆಯಿಂದ ಬರೆದಿಡುತ್ತೇವೆ. ಅಡಿಗಲ್ಲನ್ನು ಇಟ್ಟವರಾರು, ಗಂಟೆಯನ್ನು ತರಿಸಿದವರಾರು, ಗೋಪುರ ಮುಗಿದುದು ಯಾವ ವರ್ಷ ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಆದರೆ ಕಲ್ಲಿನ ಕಟ್ಟಡಕ್ಕೂ ಮೊದಲು ಒಬ್ಬ ಮನುಷ್ಯನು ಬಂದು, ಜನರ ಊಟವನ್ನುಂಡು, ಅವರ ಮಾತನ್ನು ಕಲಿತು, ಅವರ ಸಂಶಯವನ್ನು ಸಹಿಸಿಕೊಂಡು ಕಳೆದ ವರುಷಗಳಿರುತ್ತವೆ. ಅವುಗಳ ಮೇಲೆ ಯಾರೂ ಶಿಲಾಫಲಕವನ್ನು ಕೆತ್ತಿಸುವುದಿಲ್ಲ. ಆ ವರುಷಗಳ ಕುರಿತು ಕೆಲವು ಮಾತುಗಳನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಗುತ್ತಲ ಸೀಮೆಗೆ ಹೊರಗಿನವರು ಹೊಸಬರೇನಲ್ಲ. 12 ಮತ್ತು 13ನೆಯ ಶತಮಾನಗಳಲ್ಲಿ ಇಲ್ಲಿಂದ ಆಳಿದ ಗುತ್ತರಸರೇ ತಮ್ಮ ವಂಶವನ್ನು ದೂರದ ಉಜ್ಜಯಿನಿಯ ಚಂದ್ರಗುಪ್ತನಿಗೆ ಸೇರಿಸಿ ಶಾಸನಗಳಲ್ಲಿ ಹೇಳಿಕೊಂಡವರು. ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ಮುಕ್ತೇಶ್ವರನ ಗುಡಿ ಇಂದಿಗೂ ನಿಂತಿದೆ. ವರದೆಯು ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥವಿದೆ. ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲೂಕಿನದು. ಶಿಶುನಾಳ ಷರೀಫರ ಊರು ಇಲ್ಲಿಗೆ ಬಹುದೂರವಲ್ಲ. ಶರಣರ ಮಾತು ಮನೆಮನೆಯಲ್ಲಿ ಬಳಕೆಯಲ್ಲಿರುವ ಇಂಥ ನೆಲದಲ್ಲಿ ಧರ್ಮವೆಂಬುದು ಹಡಗಿನಲ್ಲಿ ಹೇರಿಕೊಂಡು ತರಬೇಕಾದ ಸರಕಾಗಿರಲಿಲ್ಲ. ಬಂದ ಗುರುವಿನ ಬಾಯಿಯ ಉಪದೇಶಕ್ಕಿಂತ ಮೊದಲು ಜನರು ಅವನ ನಡೆಯನ್ನು ತೂಗಿ ನೋಡುತ್ತಿದ್ದರು. ಈ ಪರೀಕ್ಷೆ ಯಾವ ಮಿಷನರಿಗೂ ತಪ್ಪಲಿಲ್ಲ.

ಪೇಶ್ವೆಯ ಆಳಿಕೆಯು ಮುಗಿದು 1818ರಲ್ಲಿ ನಮ್ಮ ನಾಡು ಕುಂಪಣಿಯ ಕೈಸೇರಿತು. ರಾಯಚೂರು ಸೀಮೆಯ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಷ್ಟು ಹಳೆಯ ಕಥೋಲಿಕ ಸಮುದಾಯವೊಂದು ಅದಕ್ಕೆ ಬಹು ಮೊದಲೇ ಇತ್ತು. ಧಾರವಾಡದ ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟ್ ಬೋಧಕರು 1837ರಲ್ಲಿ ನೆಲೆಯೂರಿದರು. ಹುಬ್ಬಳ್ಳಿ ಮತ್ತು ಬೆಟಗೇರಿಗಳಿಗೂ ಹಬ್ಬಿದರು. ಇವರ ಸಾಲಿನಲ್ಲೇ ಮುಂದೆ ಬಂದ ಕಿಟ್ಟೆಲ್ಲರು 1894ರಲ್ಲಿ ಹೊರತಂದ ನಿಘಂಟಿನ ಋಣ ಪಂಥಭೇದವಿಲ್ಲದೆ ಕನ್ನಡಿಗರೆಲ್ಲರ ಮೇಲಿದೆ. ಇದೇ ಬೋಧಕರು ಗದಗಿನ ಬಳಿಯ ಮಲ್ಲಸಮುದ್ರದಲ್ಲಿ 1841ರಲ್ಲಿ ಒಂದು ಒಕ್ಕಲುತನದ ವಸಾಹತನ್ನೇ ಹೂಡಿದ್ದರು. ಕಾಲಜ್ಞಾನವನ್ನು ನಂಬಿದ್ದ ಒಂದು ಪಂಗಡದ ಜನರು ಸಾವಿರಗಟ್ಟಲೆಯಾಗಿ ಬಂದು ಸೇರುವರೆಂಬ ನಿರೀಕ್ಷೆ ಅವರಿಗಿತ್ತು. ಜನರು ಬಂದು ಮಾತಾಡಿದರು, ಕೇಳಿದರು, ತಮ್ಮ ಊರುಗಳಿಗೆ ಮರಳಿದರು. ವಸಾಹತು ಬಹುಕಾಲ ಬಾಳಲಿಲ್ಲ.

ಕಥೋಲಿಕರಲ್ಲಿ ಮುಂಬಯಿ ಮತ್ತು ಪುಣೆಯ ಮಿಷನ್ನು ಜರ್ಮನ್ ಯೇಸುಸಭೆಯ ಗುರುಗಳ ಕೈಯಲ್ಲಿತ್ತು. 1886ರಲ್ಲಿ ಪುಣೆಯ ಧರ್ಮಪ್ರಾಂತ ಸ್ಥಾಪನೆಯಾದಾಗ ಧಾರವಾಡ ಜಿಲ್ಲೆ ಅದಕ್ಕೆ ಸೇರಿತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತವು ಉದಿಸುವ ತನಕ ಆ ಏರ್ಪಾಟು ನಡೆಯಿತು. ನಡುವೆ 1914ರ ಮಹಾಯುದ್ಧ ಬಂದಿತು. ವರುಷಗಟ್ಟಲೆ ಇಲ್ಲಿಯ ಮಾತನ್ನಾಡಿ, ಇಲ್ಲಿಯ ಬಿಸಿಲನ್ನುಂಡವರು ಸರಕಾರದ ಕಣ್ಣಿಗೆ ಒಮ್ಮಿಂದೊಮ್ಮೆಗೆ ಶತ್ರುದೇಶದ ಪ್ರಜೆಗಳಾದರು. ಕೆಲವರು ಸೆರೆಯ ಶಿಬಿರಗಳಿಗೆ ಹೋದರು, ಹಲವರನ್ನು ಹಡಗು ಹತ್ತಿಸಿ ಕಳುಹಿಸಲಾಯಿತು. 1907ರಿಂದ ಪುಣೆಯ ಮೇತ್ರಾಣಿಗಳಾಗಿದ್ದ ಹೆನ್ರಿಕ್ ಡೋರಿಂಗರಂತೂ ತಮ್ಮ ಪೀಠಕ್ಕೆ ಮರಳಲಾಗದೆ 1921ರಲ್ಲಿ ಜಪಾನಿನ ಹಿರೋಶಿಮಾಕ್ಕೆ ನೇಮಕಗೊಂಡರು. ಮತ್ತೆ ಪುಣೆಗೆ ಬಂದುದು 1927ರಲ್ಲಿ. ನೆಲೆಯೂರುವುದು ಗುರುವಿನ ಇಚ್ಛೆಯಿಂದ ಮಾತ್ರ ಆಗುವ ಕಾರ್ಯವಲ್ಲ.

ಮಲ್ಲಸಮುದ್ರದವರಿಗೆ ಜನ ಒಲಿಯಲಿಲ್ಲ. ಪುಣೆಯವರಿಗೆ ಸರಕಾರ ಅಡ್ಡಬಂದಿತು. ಜನರೊಡನೆ ನಿಜವಾಗಿ ಬೆರೆತು ಬಾಳಿದವರೊಬ್ಬರ ಕಥೆ ಬೇಕಾದರೆ ನಾವು ಕಾಲದಲ್ಲಿ ಹಿಂದಕ್ಕೂ ನೆಲದಲ್ಲಿ ದಕ್ಷಿಣಕ್ಕೂ ಸರಿದು, ಹಳೆಯ ಮೈಸೂರು ಸೀಮೆಯನ್ನು ಹೊಗಬೇಕು. ಅಲ್ಲಿ ಜನರು ಒಬ್ಬ ಫ್ರೆಂಚ್ ಗುರುವನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಪುಸ್ತಕಗಳಲ್ಲಿ ಅವರ ಹೆಸರು ಅಬ್ಬೆ ದುಬ್ವಾ. ದುಬಾಯ್ ಎಂದು ಬರೆಯುವವರೂ ಉಂಟು.

ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೈಂತ್ ರೆಮೇಜ್ ಎಂಬ ಊರಿನಲ್ಲಿ 1766ರಲ್ಲಿ ಜನಿಸಿದ ದುಬ್ವಾರವರು 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಪರವಾಗಿ ಅದೇ ವರ್ಷ ಭಾರತಕ್ಕೆ ಹೊರಟರು. ಅತ್ತ ತಾಯ್ನಾಡಿನಲ್ಲಿ ಮಹಾಕ್ರಾಂತಿಯ ಕತ್ತಿಯು ಗುರುಗಳ ಕೊರಳನ್ನು ಹುಡುಕುತ್ತಿದ್ದ ಕಾಲ. ಮೊದಲು ಪಾಂಡಿಚೇರಿಯ ಮಿಷನ್ನಿಗೆ ಸೇರಿ ತಮಿಳುಸೀಮೆಯಲ್ಲಿ ದುಡಿದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಅಲ್ಲಿಯ ಕ್ರೈಸ್ತರನ್ನು ಮರಳಿ ಒಗ್ಗೂಡಿಸುವ ಕಾರ್ಯಕ್ಕೆ ಅವರಿಗೆ ಕರೆ ಬಂದಿತು.

ಆ ಕ್ರೈಸ್ತರ ಸ್ಥಿತಿ ಹೇಗಿತ್ತೆಂಬುದನ್ನು ಕರಾವಳಿಯ ಮೂಲದ ನಮ್ಮ ಮನೆತನಗಳು ಮರೆತಿಲ್ಲ. 1784ರಲ್ಲಿ ಟಿಪ್ಪೂ ಸುಲ್ತಾನನು ಕೆನರಾದ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದನು. ಅವರ ಸಂಖ್ಯೆ 60 ಸಾವಿರವೆಂದು ದುಬ್ವಾ ಬರೆದರು. ಇತಿಹಾಸಕಾರರಲ್ಲಿ ಈ ಅಂಕೆಯ ಬಗ್ಗೆ ಒಮ್ಮತವಿಲ್ಲ. ಬಲವಂತಕ್ಕೆ ಮಣಿದು ಮತ ಬದಲಿಸಿದವರು, ಮನೆಮಾರು ಕಳೆದುಕೊಂಡವರು, ತಮ್ಮವರ ಮುಖ ನೋಡಲು ನಾಚುವವರು, ಇಂಥವರ ನಡುವೆ ಹೊಸ ಗುರು ಬಂದು ನಿಂತರು. ಮಣಿದವರ ವಿಷಯದಲ್ಲಿ ಅವರ ಬರಹದಲ್ಲಿ ಕಾಠಿಣ್ಯವಿದೆ. ಆದರೆ ಅವರ ಕೆಲಸದಲ್ಲಿ ಆ ಕಾಠಿಣ್ಯ ಕಾಣುವುದಿಲ್ಲ: ಅವರನ್ನೇ ಮತ್ತೆ ಧರ್ಮಸಭೆಯ ಮಡಿಲಿಗೆ ಸೇರಿಸಿಕೊಳ್ಳುವುದು ಅವರ ಮೊದಲ ಕಾರ್ಯವಾಯಿತು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನೊಡನೆ ನೆನೆಯಲಾಗುವ ಹಳೆಯ ದೇವಾಲಯವು ಇಂದಿಗೂ ಇದೆ.

ಹಳ್ಳಿಗರೊಡನೆ ಬಾಳಲು ಅವರು ಹಿಡಿದ ದಾರಿ ಸರಳವೂ ಕಠಿಣವೂ ಆದುದು. ಯುರೋಪಿನವರ ಸಹವಾಸವನ್ನು ಬಿಟ್ಟರು. ಊಟ, ಉಡುಪು, ನಡೆನುಡಿಗಳಲ್ಲಿ ಈ ನೆಲದವರಂತಾದರು. ಜನರ ವಿಶ್ವಾಸವನ್ನು ಗಳಿಸಲು ಅವರ ಆಚಾರಗಳನ್ನಷ್ಟೇ ಅಲ್ಲ, ಹಲವು ಪೂರ್ವಗ್ರಹಗಳನ್ನೂ ತಾವು ಮೈಗೂಡಿಸಿಕೊಂಡುದಾಗಿ ಅವರೇ ಹೇಳಿಕೊಂಡಿದ್ದಾರೆ. ಥಾಮಸ್ ಹಿಕಿ ಎಂಬ ಕಲಾವಿದನು ರಚಿಸಿದ ಅವರ ಚಿತ್ರದಲ್ಲಿ ತಲೆಗೆ ರುಮಾಲು, ಮೈಗೆ ನಿಲುವಂಗಿ, ಕೈಯಲ್ಲಿ ಕೋಲು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಇದಕ್ಕೆ ಸಾಕ್ಷಿ ನುಡಿದಿದ್ದಾರೆ. ಈ ಗುರು ಪ್ರಯಾಣದಲ್ಲಿ ಹಳ್ಳಿಯೊಂದನ್ನು ಸಮೀಪಿಸಿದರೆ, ಸರಕಾರದ ಅಧಿಕಾರಿಗಳ ಮಾತಿಲ್ಲದೆಯೇ ಬ್ರಾಹ್ಮಣರ ಮನೆಯೊಂದನ್ನು ಅವರ ಇಳಿದಾಣಕ್ಕಾಗಿ ತೆರವು ಮಾಡಿಕೊಡುತ್ತಿದ್ದರಂತೆ. ಪರಕೀಯನಾದ ಕ್ರೈಸ್ತ ಗುರುವಿಗೆ ಆ ಕಾಲದಲ್ಲಿ ದೊರೆತ ಈ ಮರ್ಯಾದೆಯನ್ನು ಓದುವಾಗ ಇಂದಿಗೂ ಬೆರಗಾಗುತ್ತದೆ.

ವಿಶ್ವಾಸ ಗಳಿಸಿದ ಮೇಲೆ ಅವರು ಮಾಡಿದ ಎರಡು ಕೆಲಸಗಳು ಮುಖ್ಯ. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ಒಕ್ಕಲು ಕುಟುಂಬಗಳನ್ನು ನೆಲೆಗೊಳಿಸಿದುದು ಒಂದು. ಮಲ್ಲಸಮುದ್ರಕ್ಕೂ ಸಾತಳ್ಳಿಗೂ ಇರುವ ಅಂತರ ಗಮನಾರ್ಹ: ಮಲ್ಲಸಮುದ್ರದಲ್ಲಿ ನೆಲವು ಮೊದಲು ಸಿದ್ಧವಾಗಿ ಜನರಿಗಾಗಿ ಕಾದಿತು, ಸಾತಳ್ಳಿಯಲ್ಲಿ ಜನರು ಮೊದಲೇ ಇದ್ದರು, ಅವರಿಗೆ ನೆಲ ಬೇಕಾಗಿತ್ತು. ಎರಡನೆಯದು ಸಿಡುಬಿನ ಲಸಿಕೆ, ನಮ್ಮ ಹಿರಿಯರ ಮಾತಿನಲ್ಲಿ ‘ದೇವಿ ಹಾಕುವುದು’. ಜೆನ್ನರರ ಲಸಿಕೆಯು ಭಾರತಕ್ಕೆ ಬಂದುದೇ 1802ರಲ್ಲಿ. ಹಸುವಿನ ಸಿಡುಬಿನ ಕೀವನ್ನು ಮಗುವಿನ ತೋಳಿಗೆ ತಾಗಿಸಲು ಯಾವ ತಾಯಿ ಒಪ್ಪಿಯಾಳು? ಅಮ್ಮನ ಕೋಪಕ್ಕೆ ಗುರಿಯಾಗುವ ಭಯ ಬೇರೆ. ಆದರೂ 1803–04ರಲ್ಲಿ, ಪೂರ್ಣಯ್ಯನವರು ದಿವಾನರಾಗಿದ್ದಾಗ, ದುಬ್ವಾರವರ ಪ್ರಯತ್ನದಿಂದ 25 ಸಾವಿರಕ್ಕೂ ಮಿಕ್ಕಿ ಜನರು ಲಸಿಕೆ ಹಾಕಿಸಿಕೊಂಡರು. ಆ ತೋಳುಗಳಲ್ಲಿ ಹೆಚ್ಚಿನವು ಕ್ರೈಸ್ತರವಲ್ಲ.

ಅವರ ಕೀರ್ತಿ ಹಬ್ಬಿದುದು ಮಾತ್ರ ಇನ್ನೊಂದು ಕಾರಣದಿಂದ. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಮದರಾಸಿನ ಸರಕಾರವು 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಅದರ ಬಹುಭಾಗಕ್ಕೆ ಆಧಾರ ಯೇಸುಸಭೆಯ ಗುರು ಕೋರ್ದೂ ಅವರ ಹಳೆಯ ಬರಹವೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಮೂಲದವರ ಹೆಸರನ್ನು ಹೇಳದಿದ್ದುದು ಸಣ್ಣ ತಪ್ಪಲ್ಲ. ಉತ್ಸವದ ಸಂಚಿಕೆಯೆಂದು ಅದನ್ನು ಮರೆಮಾಚಬೇಕಾಗಿಯೂ ಇಲ್ಲ. ಪುಸ್ತಕದ ಕೀರ್ತಿ ಇಳಿದರೂ ಸಾತಳ್ಳಿಯ ಕೆಲಸ ಅದರೊಡನೆ ಇಳಿಯುವುದಿಲ್ಲ.

1823ರ ಜನವರಿಯಲ್ಲಿ ದುಬ್ವಾ ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳು ಕ್ರೈಸ್ತ ಜಗತ್ತನ್ನು ಕಲಕಿದವು. ಹಿಂದೂಗಳು ಮನಸಾರೆ ಕ್ರೈಸ್ತರಾಗುವುದು ಅಸಾಧ್ಯವೆಂಬುದು ಅವುಗಳ ತಿರುಳು. ಇಪ್ಪತ್ತೈದು ವರುಷಗಳ ದುಡಿಮೆಯ ಫಲವಾಗಿ ತಮಗೆ ದೊರೆತ ಹೊಸ ವಿಶ್ವಾಸಿಗಳು ಇನ್ನೂರು ಮುನ್ನೂರು ಮಾತ್ರ, ಅವರಲ್ಲಿಯೂ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೂ ಭಿಕ್ಷುಕರೂ ಎಂದು ಅವರು ಬರೆದರು. ಮರುವರ್ಷವೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಇಬ್ಬರು ಪ್ರೊಟೆಸ್ಟಂಟ್ ಬೋಧಕರು ಪುಸ್ತಕಗಳನ್ನೇ ಬರೆದು ಉತ್ತರ ಕೊಟ್ಟರು.

ಈ ಪತ್ರಗಳನ್ನು ಓದುವ ಇಂದಿನ ವಿಶ್ವಾಸಿಗೆ ನೋವಾಗುವುದು ನಿರಾಶೆಯ ಮಾತಿಗಲ್ಲ, ಅಸ್ಪೃಶ್ಯರು, ಭಿಕ್ಷುಕರು ಎಂಬುದನ್ನು ಕೊರತೆಯೆಂಬಂತೆ ಎಣಿಸಿದುದಕ್ಕೆ. ಶುಭಸಂದೇಶವನ್ನು ಮೊದಲು ಕೇಳಿದವರಾರೆಂಬುದು ಗುರುಗಳಿಗೆ ತಿಳಿಯದ ಸಂಗತಿಯಲ್ಲ. ಮೇಲ್ವರ್ಗದವರ ಮನೆಬಾಗಿಲು ತೆರೆಯಲೆಂದು ತಾವೇ ಮೈಗೂಡಿಸಿಕೊಂಡ ಪೂರ್ವಗ್ರಹಗಳು ಲೆಕ್ಕ ಬರೆಯುವಾಗ ಲೇಖನಿಗೂ ಇಳಿದುವೇನೋ ಎಂದು ನನಗೆ ತೋರುತ್ತದೆ. ಅಲ್ಲದೆ ಆ ಲೆಕ್ಕವೇ ಅಪೂರ್ಣ. ಶ್ರೀರಂಗಪಟ್ಟಣದಲ್ಲಿ ಮರಳಿ ಸೇರಿದವರು ಹೊಸ ವಿಶ್ವಾಸಿಗಳಲ್ಲವಾದುದರಿಂದ ಅದರಲ್ಲಿ ಬರುವುದಿಲ್ಲ. ಲಸಿಕೆಯಿಂದ ಬದುಕಿಕೊಂಡ ಮಕ್ಕಳೂ ಬರುವುದಿಲ್ಲ.

ಪ್ಯಾರಿಸ್ಸಿನಲ್ಲಿ ಅವರು ಮತ್ತೆ ಇಪ್ಪತ್ತೈದು ವರುಷ ಬಾಳಿದರು. ತಮ್ಮ ಮಿಷನ್ ಸಂಸ್ಥೆಗೆ 1836ರಿಂದ 1839ರ ತನಕ ಮುಖ್ಯಸ್ಥರಾದರು. ತಮಿಳು, ತೆಲುಗು, ಕನ್ನಡ ಪ್ರತಿಗಳನ್ನಿಟ್ಟುಕೊಂಡು ಪಂಚತಂತ್ರವನ್ನು 1826ರಲ್ಲಿ ಫ್ರೆಂಚಿಗೆ ತಂದರು. ನಮ್ಮ ನೆಲದ ನರಿ, ಸಿಂಹ, ಎತ್ತುಗಳ ಕಥೆಗಳು ಆ ವೃದ್ಧ ಗುರುವಿನ ಮೇಜಿನ ಮೇಲೆ ಇದ್ದುವು. 1848ರ ಫೆಬ್ರವರಿ 17ರಂದು ಅಲ್ಲಿಯೇ ತೀರಿಕೊಂಡರು. ಸಾತಳ್ಳಿ ಇಂದು ಚಿಕ್ಕಮಗಳೂರು ಧರ್ಮಪ್ರಾಂತದ ಧರ್ಮಕೇಂದ್ರ.

ಇನ್ನೊಂದು ಮಾತು. ಇನ್ನೂರು ಮುನ್ನೂರು ಜನರ ಆ ಲೆಕ್ಕವನ್ನು ಹೇಳುವಾಗ, ತಮಗೆ ಒಬ್ಬ ದೇಶೀಯ ಮಿಷನರಿಯ ಸಹಾಯವಿತ್ತೆಂದು ದುಬ್ವಾ ಅದೇ ವಾಕ್ಯದಲ್ಲಿ ಬರೆದಿದ್ದಾರೆ. ಪರದೇಶದ ಗುರುವನ್ನು ಹಳ್ಳಿಯ ಜಗುಲಿಗೆ ಕರೆದೊಯ್ದು, ಜನರ ಮಾತನ್ನು ಅವರಿಗೂ ಅವರ ಮಾತನ್ನು ಜನರಿಗೂ ತಿಳಿಯಪಡಿಸುವ ಕೆಲಸ ಇಂಥ ಸಹಾಯಕರದೇ. ಮುಂದಿನ ಕಾಲದ ನಮ್ಮ ಉಪದೇಶಿಗಳದೂ ಅದೇ. ಆ ವಾಕ್ಯದಲ್ಲಿ ಅವನ ಹೆಸರಿಲ್ಲ.