ಗಾಡಿಯ ವೈರ್‌ಲೆಸ್ ಸೆಟ್ಟು ಬ್ಯಾಟರಿ ಖಾಲಿ ಮಾಡದಿರಲು

ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ಟಕ್ ಟಕ್ ಅಂದರೆ ಎಲ್ಲರೂ ಬೈಯೋದು ಬ್ಯಾಟರಿಯನ್ನೇ. ವೈರ್‌ಲೆಸ್ ಸೆಟ್ಟೋ ಪ್ರಚಾರದ ಮೈಕಿನ ಆಂಪ್ಲಿಫೈಯರೋ ಕೂರಿಸಿದ ಗಾಡಿಯಾದರೆ ಮೊದಲು ಅದರ ವೈರಿಂಗ್ ನೋಡಬೇಕು.

ಮಾತಾಡುವಾಗ ಸೆಟ್ಟು ಜಾಸ್ತಿ ಕರೆಂಟ್ ಎಳೆಯುತ್ತೆ, ಸ್ಟೀರಿಯೋದ ಸಣ್ಣ ವೈರ್ ತಡೆಯಲ್ಲ. ಹಾಗಾಗಿ ನೇರ ಬ್ಯಾಟರಿಯಿಂದ ವೈರ್ ಎಳೆಯೋದು ಸರಿಯೇ. ಆದರೆ ಕೀ ತೆಗೆದರೂ ಸೆಟ್ಟು ಆನ್ ಇರುತ್ತೆ. ಸುಮ್ಮನೆ ಕೇಳುತ್ತಾ ಕೂತ ಸೆಟ್ಟು ಅರ್ಧ ಆಂಪಿಯರ್ ತಿಂದರೆ 12 ಗಂಟೆಗೆ 6 ಆಂಪಿಯರ್ ಅವರ್ ಆಯ್ತು. 35 ಆಂಪಿಯರ್ ಅವರ್ ಬ್ಯಾಟರಿ ಒಂದು ರಾತ್ರಿ ತಡೆದೀತು. ಶನಿವಾರ ಸಂಜೆ ನಿಲ್ಲಿಸಿ ಸೋಮವಾರ ಬೆಳಿಗ್ಗೆ ತೆಗೆದರೆ ಅರ್ಧ ಖಾಲಿ. ಹಳೇ ಬ್ಯಾಟರಿಯಾದರೆ ತಳ್ಳೋದೇ ಗತಿ.

ಇದಕ್ಕೆ ಒಂದು 12 ವೋಲ್ಟ್ ರಿಲೇ ಸಾಕು. ದಪ್ಪ ವೈರ್ ಬ್ಯಾಟರಿಯಿಂದಲೇ ಬರಲಿ, ನಡುವೆ ರಿಲೇ ಇರಲಿ. ಅದರ ಕಾಯಿಲ್‌ಗೆ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರ್ ಕೊಡಿಸಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಬೇಕು, ಸೀಟಿನ ಕೆಳಗಲ್ಲ. ವೈರ್ ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತೋದು ಆ ನಡುವಿನಲ್ಲೇ.

ಎಂಜಿನ್ ಆಫ್ ಮಾಡಿಯೂ ಕೇಳಲೇಬೇಕಾದವರು ಲೋ-ವೋಲ್ಟೇಜ್ ಕಟ್‌ಆಫ್ ಹಾಕಿಸಬಹುದು. ಗಾಡಿ ಕೆಲವು ಗಂಟೆ ನಿಂತ ಮೇಲೆ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್ ಅಂದರೆ ಬ್ಯಾಟರಿ ಫುಲ್, 12.2 ಅಂದರೆ ಸುಮಾರು ಅರ್ಧ.