ಕೋಲಾರ ಚಿನ್ನದ ಗಣಿಯ ಮುಚ್ಚುಗಡೆ: ಕಾರ್ಮಿಕರ ಪ್ರತಿಕ್ರಿಯೆಯ ಸ್ವರೂಪ

1880ರಲ್ಲಿ ಜಾನ್ ಟೇಲರ್ ಕಂಪನಿಯ ಕೈಸೇರಿದ ಕೋಲಾರದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ, 1962ರಲ್ಲಿ ಕೇಂದ್ರ ಸರ್ಕಾರದ ವಶವಾದವು. 1972ರಲ್ಲಿ ರೂಪುಗೊಂಡ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು 2001ರ ಫೆಬ್ರವರಿ 28ರಂದು ಕೆಲಸ ನಿಲ್ಲಿಸಿತು. ಒಂದು ಕಾಲಕ್ಕೆ ಟನ್ನು ಅದಿರಿಗೆ 40 ಗ್ರಾಂಗೂ ಮಿಕ್ಕು ದೊರೆಯುತ್ತಿದ್ದ ಚಿನ್ನ ಕೊನೆಗೆ 3 ಗ್ರಾಂ ಆಸುಪಾಸಿಗೆ ಇಳಿದಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದ ಕಾರ್ಮಿಕರ ಸಂಖ್ಯೆಯೂ ನಿವೃತ್ತಿ, ಸ್ವಯಂ ನಿವೃತ್ತಿಗಳಿಂದ ಕರಗಿ ನಾಲ್ಕು ಸಾವಿರದೊಳಗೆ ಬಂದಿತ್ತು.

ಈ ಕಾರ್ಮಿಕರು ಪ್ರತಿಭಟನೆಗೆ ಹೊಸಬರಲ್ಲ. 1930ರ ಏಪ್ರಿಲ್‌ನಲ್ಲಿ ಬೆರಳಚ್ಚಿನ ಕಡ್ಡಾಯ ನೋಂದಣಿಯನ್ನು ವಿರೋಧಿಸಿ ಅವರು 21 ದಿನ ಮುಷ್ಕರ ಹೂಡಿದ್ದರು. ಆಗ ಗಣಿ ನಿಂತರೆ ನಷ್ಟ ಕಂಪನಿಯದು. 2001ರಲ್ಲಿ ಗಣಿಯನ್ನು ನಿಲ್ಲಿಸಬೇಕೆಂದವನು ಮಾಲೀಕನೇ. ಮುಷ್ಕರವೆಂಬ ಆಯುಧ ಹೀಗೆ ಮೊಂಡಾಯಿತು. ಮುಚ್ಚುಗಡೆಯ ನಂತರದ ಪ್ರತಿಕ್ರಿಯೆಗಳು ಬೇರೆ ದಾರಿ ಹಿಡಿದುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಮೊದಲನೆಯ ದಾರಿ ನ್ಯಾಯಾಲಯದ್ದು. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಗಣಿಯನ್ನು ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕೆಂದು ಆಗಿನ ಕೈಗಾರಿಕಾ ವಿವಾದಗಳ ಕಾಯಿದೆ ವಿಧಿಸಿತ್ತು. ಇಲ್ಲಿ ಅನುಮತಿ ಕೊಡಬೇಕಾದ ಸರ್ಕಾರವೇ ಒಡೆಯನೂ ಆಗಿತ್ತೆಂಬುದು ಗಮನಾರ್ಹ. ಕಾರ್ಮಿಕ ಸಂಘಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆಹೋದವು. ಗಣಿಯನ್ನು ಸಹಕಾರಿ ಪದ್ಧತಿಯಲ್ಲಿ ತಾವೇ ನಡೆಸುವೆವೆಂಬ ಪ್ರಸ್ತಾಪವನ್ನೂ ಮುಂದಿಟ್ಟವು. ಪರಿಹಾರದ ಮೊತ್ತಕ್ಕಾಗಿ ಚೌಕಾಸಿ ನಡೆಸುವುದಕ್ಕಿಂತ ಇದು ತೀರ ಭಿನ್ನವಾದ ನಿಲುವು. 2013ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಜಾಗತಿಕ ಟೆಂಡರಿಗೆ ಸಮ್ಮತಿಸಿತಾದರೂ ಸುರಂಗಗಳಲ್ಲಿ ಕೆಲಸ ಮತ್ತೆ ಆರಂಭವಾಗಲಿಲ್ಲ.

ಎರಡನೆಯದು ಮನೆಯ ಪ್ರಶ್ನೆ. ಕಾರ್ಮಿಕರ ವಸತಿಸಾಲುಗಳು, ಅಂದರೆ ಲೈನುಗಳು, ಕಂಪನಿಯ ಸ್ವತ್ತು. ಕೆಲಸ ಹೋದರೆ ಮನೆಯೂ ಹೋಗಬೇಕೆಂಬುದು ನಿಯಮ. ಆದರೆ ಮೂರು ನಾಲ್ಕು ತಲೆಮಾರು ಬಾಳಿದ ಕುಟುಂಬಗಳು ಬಿಟ್ಟು ಕದಲಲಿಲ್ಲ. ಬಾಕಿ ಹಣದ ಜೊತೆಗೆ ಮನೆಯ ಹಕ್ಕನ್ನೂ ಕೇಳಿದವು. ಇವರಲ್ಲಿ ಬಹುಪಾಲು ಉತ್ತರ ಆರ್ಕಾಟ್ ಮೊದಲಾದ ತಮಿಳು ಪ್ರದೇಶಗಳಿಂದ ಬಂದ ದಲಿತರ ಸಂತತಿ. ಹಿರಿಯರ ಊರಿಗೆ ಮರಳೋಣವೆಂದರೆ ಅಲ್ಲಿ ಭೂಮಿಯಿಲ್ಲ. (ಕನ್ನಡ ಸಂಶೋಧನೆ ಇವರತ್ತ ಕಣ್ಣು ಹಾಯಿಸಿದ್ದು ಕಡಿಮೆಯೇ.)

ಮೂರನೆಯದಕ್ಕೆ ಯಾವ ಮನವಿಪತ್ರವೂ ಇಲ್ಲ. ಮಾರಿಕುಪ್ಪಂ ನಿಲ್ದಾಣದಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೊರಡುವ ನಸುಕಿನ ರೈಲುಗಳಲ್ಲಿ ಸಾವಿರಾರು ಜನ ದಿನಗೂಲಿಗೆ, ಕಾವಲುಗಾರಿಕೆಗೆ, ಕಾರ್ಖಾನೆ ಕೆಲಸಕ್ಕೆ ಹೋಗಿ ರಾತ್ರಿ ಅದೇ ಲೈನುಗಳಿಗೆ ಮರಳತೊಡಗಿದರು.