ಏಲಕ್ಕಿ ಮನೆಯ ಕಿಂಡಿ, ಡ್ರೈಯರ್ ಪೈಪು

ಸಕಲೇಶಪುರದ ಕಡೆಯವರಿಗೆ ಗೊತ್ತು, ಜುಲೈನಲ್ಲಿ ಜೀನ್ಸ್ ಒಣಗೋದು ಅಂದ್ರೆ ವಾರದ ಮಾತು. ಹಿಂದೆ ಮಲೆನಾಡಿನ ಮನೆಗಳಲ್ಲಿ ಒಲೆ ಮೇಲೆ ಬಿದಿರಿನ ಗಳ ಕಟ್ಟಿ ಬಟ್ಟೆ ಹರವುತ್ತಿದ್ದರು. ಹೊಗೆ ವಾಸನೆ ಫ್ರೀ. ಅಮೆರಿಕದಲ್ಲಿ ಜಾರ್ಜ್ ಸ್ಯಾಂಪ್ಸನ್ 1892ರಲ್ಲಿ ಪೇಟೆಂಟ್ ಪಡೆದದ್ದೂ ಸ್ಟೌ ಶಾಖದಲ್ಲಿ ಬಟ್ಟೆ ಒಣಗಿಸುವ ಚೌಕಟ್ಟಿಗೇ!

ಆದರೆ ಶಾಖ ಒಂದೇ ಸಾಲದು, ತೇವ ಹೊರಗೆ ಹೋಗಬೇಕು. ಇದನ್ನು ಚೆನ್ನಾಗಿ ಅರಿತಿದ್ದವರು ನಮ್ಮ ಏಲಕ್ಕಿ ಬೆಳೆಗಾರರು. ಹಸಿ ಏಲಕ್ಕಿಯಲ್ಲಿ ಸುಮಾರು ಶೇ. 80ರಷ್ಟು ನೀರು. ಅದು 10-12ಕ್ಕೆ ಇಳಿಯಬೇಕು, ಹಸಿರು ಬಣ್ಣವೂ ಉಳಿಯಬೇಕು. ಹಾಗಾಗಿ ಒಣಗಿಸುವ ಮನೆಯಲ್ಲಿ ಬೆಂಕಿ ಹೊರಗಡೆ. ಬಿಸಿ ಹೊಗೆ ತಗಡಿನ ಕೊಳವೆಯೊಳಗೇ ಸುತ್ತಿ ಚಿಮಣಿ ಸೇರುತ್ತಿತ್ತು. ಏಲಕ್ಕಿಗೆ ತಾಗುತ್ತಿದ್ದದ್ದು ಶಾಖ ಮಾತ್ರ. ತೇವದ ಗಾಳಿಗೆ ಬೇರೆಯೇ ಕಿಂಡಿ: ಶುರುವಿನಲ್ಲಿ ತೆರೆದು ಆವಿ ಬಿಟ್ಟು, ಆಮೇಲೆ ಮುಚ್ಚೋದು. ಕೊಳವೆ ತೂತಾದರೆ ಹೊಗೆ ನುಗ್ಗಿ ಮಾಲು ಹಾಳು. ಕಾಮರ್ಸ್ ಓದಿದ ನನಗೆ ಈ ಲೆಕ್ಕ ಬಹಳ ಇಷ್ಟ, ಒಂದು ಕಿಂಡಿಯ ಮೇಲೆ ವರ್ಷದ ಆದಾಯ!

ಈಗ ಡ್ರೈಯರ್ ಕಾಲ. ಹೊರಗಾಳಿ ಪೈಪಿನಲ್ಲಿ ಬಟ್ಟೆಯ ನೂಲುಧೂಳು ಕೂತರೆ, ಬೆಂಕಿಗೆ ತರಗೆಲೆ ಒಟ್ಟಿಟ್ಟ ಹಾಗೆ. ಅಮೆರಿಕದಲ್ಲಿ 2008-10ರ ಅವಧಿಯಲ್ಲಿ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರ್‌ನಿಂದ ಬೆಂಕಿ ಬಿದ್ದಿತ್ತು. ಕ್ಲೀನ್ ಮಾಡದಿರುವುದೇ ಮುಖ್ಯ ಕಾರಣ. ಪ್ರತಿ ಸಲ ಜಾಲರಿ ಬಿಡಿಸಿ ಧೂಳು ತೆಗೀರಿ. ಮೆಷಿನ್ ಓಡುವಾಗ ಹೊರಗೆ ಹೋಗಿ ಪೈಪಿನ ಬಾಯಿಗೆ ಕೈ ಹಿಡೀರಿ. ಗಾಳಿ ಜೋರಾಗಿ ಬರಬೇಕು. ಬರಲಿಲ್ಲ ಅಂದ್ರೆ ಮೆಷಿನ್ ನಿಲ್ಲಿಸಿ, ಪ್ಲಗ್ ಕಿತ್ತು, ಪೈಪ್ ಬಿಚ್ಚಿ ನೋಡಿ. ಒಳಗೆ ಕಣಜ ಗೂಡು ಕಟ್ಟಿರಬಹುದು, ಟಾರ್ಚ್ ಹಿಡಿದುಕೊಂಡೇ ಹೋಗಿ.